ಅಂತರ್ಗತ ಬ್ರೌಸರನ್ನು ತೆಗೆದು ಮತ್ತೆ ಅಳವಡಿಸುವುದು: ಪ್ರಾತ್ಯಕ್ಷಿಕಾ ಪಾಠಕ್ಕೆ ಒಂದು ಟಿಪ್ಪಣಿ

ಬೋಧನಾಭ್ಯಾಸದ ಕಂಪ್ಯೂಟರ್ ಪಾಠಗಳನ್ನು ಅವಲೋಕಿಸುವಾಗ ನಾನು ಮಕ್ಕಳಿಗೆ ಒಂದು ಪ್ರಶ್ನೆ ಹಾಕುವುದುಂಟು: “ಪರದೆಯ ಮೇಲಿರುವ ಬ್ರೌಸರ್ ಗುರುತನ್ನು ಅಳಿಸಿದರೆ ಬ್ರೌಸರ್ ಹೋದಂತೆಯೇ?” ಹೆಚ್ಚಿನವರು “ಹೋಯ್ತು ಸಾರ್” ಎನ್ನುತ್ತಾರೆ. ಕೆಲವು ಪ್ರಶಿಕ್ಷಣಾರ್ಥಿಗಳ ಮನಸ್ಸಿನಲ್ಲೂ ಇದೇ ಕಲ್ಪನೆ ಇರುತ್ತದೆ. ಇದನ್ನು ತಿದ್ದದೆ ಹಂತಗಳನ್ನಷ್ಟೇ ಬಾಯಿಪಾಠ ಮಾಡಿಸಿದರೆ, ಪರದೆಯ ರೂಪ ಬದಲಾದ ದಿನವೇ ಆ ಕಲಿಕೆ ಕೈಕೊಡುತ್ತದೆ.

ಉದಾಹರಣೆಗೆ ವಿಂಡೋಸ್ 7 ಮತ್ತು ಅದರಲ್ಲಿರುವ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಅನ್ನು ತೆಗೆದುಕೊಳ್ಳೋಣ. ಇಲ್ಲಿ ‘ತೆಗೆಯುವುದು’ ಎಂಬ ಒಂದೇ ಮಾತಿಗೆ ಮೂರು ಅರ್ಥಗಳಿವೆ.

ಮೊದಲನೆಯದು, ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಅಳಿಸುವುದು. ಇದರಿಂದ ದಾರಿ ಮಾತ್ರ ಹೋಗುತ್ತದೆ, ತಂತ್ರಾಂಶ ಹಾಗೆಯೇ ಇರುತ್ತದೆ.

ಎರಡನೆಯದು, ‘ಇನ್‌ಸ್ಟಾಲ್ಡ್ ಅಪ್‌ಡೇಟ್ಸ್’ ಪಟ್ಟಿಯಿಂದ 11ನೇ ಆವೃತ್ತಿಯನ್ನು ತೆಗೆಯುವುದು. ಆಗ ಬ್ರೌಸರ್ ಇಲ್ಲವಾಗುವುದಿಲ್ಲ; ಅದಕ್ಕೂ ಹಿಂದೆ ಇದ್ದ ಆವೃತ್ತಿ ಮರಳಿ ಬರುತ್ತದೆ.

ಮೂರನೆಯದು, ಕಂಟ್ರೋಲ್ ಪ್ಯಾನೆಲ್‌ನ ‘ಪ್ರೋಗ್ರಾಮ್ಸ್’ ವಿಭಾಗದಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎದುರಿನ ಟಿಕ್ ತೆಗೆದು, ಬರುವ ಎಚ್ಚರಿಕೆಯನ್ನು ಓದಿ ಒಪ್ಪಿ, ಕಂಪ್ಯೂಟರನ್ನು ಮರುಚಾಲನೆ ಮಾಡುವುದು. ಆಗ ಬ್ರೌಸರ್ ಬಳಕೆಗೆ ಸಿಗುವುದಿಲ್ಲ. ಆದರೆ ಮತ್ತೆ ಅಳವಡಿಸಲು ಬೇಕಾದ ಕಡತಗಳು ಡಿಸ್ಕಿನಲ್ಲೇ ಉಳಿದಿರುತ್ತವೆ. ಜಾಲಪುಟವನ್ನು ಬಿಡಿಸಿ ತೋರಿಸುವ ಒಳಭಾಗವನ್ನು ಬೇರೆ ತಂತ್ರಾಂಶಗಳೂ ಬಳಸುವುದರಿಂದ ಅದೂ ಉಳಿಯುತ್ತದೆ.

ಬ್ರೌಸರ್ ವಿಂಡೋಸ್‌ನ ಅಂಗವೇ ಅಥವಾ ಬೇರೆ ತಂತ್ರಾಂಶವೇ ಎಂಬುದು ಹಳೆಯ ಚರ್ಚೆ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಇದೇ ಒಂದು ಮುಖ್ಯ ವಿವಾದಾಂಶವಾಗಿತ್ತು. 2009ರಲ್ಲಿ ಬಂದ ವಿಂಡೋಸ್ 7 ಬ್ರೌಸರನ್ನು ಆಫ್ ಮಾಡುವ ಆಯ್ಕೆಯನ್ನು ಬಳಕೆದಾರನ ಕೈಗೆ ಕೊಟ್ಟಿತು.

ಪಾಠಕ್ಕೆ ಮುನ್ನ ಮೂರು ಸಿದ್ಧತೆಗಳು ಅಗತ್ಯ. ಒಂದು, ಮುಖ್ಯೋಪಾಧ್ಯಾಯರ ಅನುಮತಿ ಮತ್ತು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಎರಡು, ಒಂದೇ ಒಂದು ಕಂಪ್ಯೂಟರಿನಲ್ಲಿ ಪ್ರಾತ್ಯಕ್ಷಿಕೆ. ಮುಂದಿನ ತರಗತಿಗೆ ಪ್ರಯೋಗಾಲಯ ಸುಸ್ಥಿತಿಯಲ್ಲಿರಬೇಕು. ಮೂರು, ಆ ಯಂತ್ರದಲ್ಲಿ ಇನ್ನೊಂದು ಬ್ರೌಸರ್ ಮೊದಲೇ ಇದ್ದು, ಕೆಲಸ ಮಾಡುತ್ತಿರಬೇಕು. ಇರುವ ಒಂದನ್ನೇ ತೆಗೆದರೆ ಮತ್ತೊಂದನ್ನು ಡೌನ್‌ಲೋಡ್ ಮಾಡಲು ದಾರಿ ಉಳಿಯದು.

ಮರುಚಾಲನೆಗೆ ಹಿಡಿಯುವ ನಿಮಿಷಗಳು ಪಾಠದ ಅತ್ಯಂತ ಬೆಲೆಬಾಳುವ ಸಮಯ. “ಫೇವರಿಟ್ಸ್‌ನಲ್ಲಿ ಉಳಿಸಿದ ವಿಳಾಸಗಳು ಏನಾಗಿರುತ್ತವೆ? ಮತ್ತೆ ಅಳವಡಿಸಲು ಸಿ.ಡಿ. ಬೇಕೇ?” ಎಂದು ಕೇಳಿ, ಮಕ್ಕಳ ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಬಳಿಕ ಅದೇ ಪಟ್ಟಿಯಲ್ಲಿ ಟಿಕ್ ಹಾಕಿ, ಮರುಚಾಲನೆ ಮಾಡಿ, ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಸಿ.ಡಿ.ಯೂ ಬೇಡ, ಇಂಟರ್‌ನೆಟ್ಟೂ ಬೇಡ. ಫೇವರಿಟ್ಸ್ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿರುವುದರಿಂದ ಅವೂ ಹಾಗೆಯೇ ಇರುತ್ತವೆ. ತನ್ನ ಊಹೆ ಸುಳ್ಳಾದದ್ದನ್ನು ಕಣ್ಣಾರೆ ಕಂಡ ಮಗು ಕಾರಣ ಕೇಳುತ್ತದೆ. ವಿವರಣೆಗೆ ಅದೇ ಸಕಾಲ.

ಬ್ರೌಸರ್ ಸರಿಯಾಗಿ ನಡೆಯುತ್ತಿಲ್ಲವೆಂದು ತೆಗೆದು ಹಾಕುವ ಅಭ್ಯಾಸ ಹಲವರಿಗಿದೆ. ಸೆಟ್ಟಿಂಗ್ ಕೆಟ್ಟಿದ್ದರೆ ‘ಇಂಟರ್‌ನೆಟ್ ಆಪ್ಷನ್ಸ್’ನ ‘ಅಡ್ವಾನ್ಸ್ಡ್’ ಪುಟದಲ್ಲಿರುವ ‘ರೀಸೆಟ್’ ಮೊದಲು ನೋಡಬೇಕಾದ ಉಪಾಯ.

ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಆದ್ದರಿಂದ ಈ ಯಂತ್ರಗಳನ್ನು ಇಂಥ ಪ್ರಾತ್ಯಕ್ಷಿಕೆಗೆ ಬಳಸಿ. ಬ್ಯಾಂಕ್ ವ್ಯವಹಾರಕ್ಕಾಗಲೀ ಮಕ್ಕಳ ದಾಖಲೆಗಳನ್ನು ಜಾಲತಾಣಕ್ಕೆ ಏರಿಸುವುದಕ್ಕಾಗಲೀ ಬಳಸಬೇಡಿ. ಮೌಲ್ಯಮಾಪನದಲ್ಲಿ ಹಂತಗಳ ಅನುಕ್ರಮಕ್ಕಿಂತ, ಪ್ರತಿ ಹಂತದಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬ ವಿವರಣೆಗೆ ಹೆಚ್ಚು ಅಂಕ ಇಡುವುದು ಒಳ್ಳೆಯದು.