ಬಳ್ಳಿ ಒಣಗಿದರೆ ಅಡಿಕೆ ಮರವನ್ನೂ ಕಡಿಯಬೇಕೇ?

ನನ್ನ ತಂಗಿಯನ್ನು ಕೊಟ್ಟಿರುವುದು ಆಂಧ್ರದ ಹಿಂದೂಪುರಕ್ಕೆ. ಅವಳ ಅತ್ತೆಯ ತವರು ಕಲ್ಯಾಣದುರ್ಗ. ಅಂಗಡಿ, ಶಾಲೆ, ಕಚೇರಿ ಎಲ್ಲವೂ ತೆಲುಗು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಕಾಸರಗೋಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಸೋದರಳಿಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಉಬುಂಟು ಹಾಕಿದ ಯಂತ್ರ. ನಮ್ಮ ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವುದೂ ಇದೇ ಬಳಗದ್ದು. "ಮಾವ, ಜಾಗ ಸಾಲ್ತಿಲ್ಲ. ಈ ಕನ್ನಡ ಫಾಂಟು ಯಾರಿಗೆ ಬೇಕು? ತೆಗೆದುಬಿಡ್ತೀನಿ" ಎಂದ. ಅವನು ಓದುವುದು ತೆಲುಗು ಮಾಧ್ಯಮದಲ್ಲಿ.

ಆಜ್ಞೆ ಕೊಟ್ಟ. ಪರದೆಯ ಮೇಲೆ ಉದ್ದದ ಪಟ್ಟಿ ಬಂತು, ಕೊನೆಗೆ 'ಮುಂದುವರಿಯಲೇ?' ಎಂಬ ಪ್ರಶ್ನೆ. ಹುಡುಗನ ಬೆರಳು 'ವೈ' ಅಕ್ಷರದ ಮೇಲಿತ್ತು. "ನಿಲ್ಲು ಮಾರಾಯ, ಮೊದಲು ಪಟ್ಟಿ ಓದು" ಎಂದೆ. ಕನ್ನಡದ ಕಟ್ಟಿನ ಜೊತೆಗೆ ಭಾರತೀಯ ಭಾಷೆಗಳದ್ದೆಲ್ಲ ಸೇರಿದ ದೊಡ್ಡ ಕಟ್ಟೂ ಹೋಗುವುದಿತ್ತು. ಇನ್ನು ಮುಂದೆ ಬೇಕಾಗಿಲ್ಲದವುಗಳೆಂದು ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳ ಸಾಲಿನಲ್ಲಿ ತೆಲುಗಿನ ಫಾಂಟುಗಳೂ ಇದ್ದವು! ಹುಡುಗ ಬೆಚ್ಚಿ ಕೈ ಹಿಂದೆಗೆದ.

ಹೀಗೇಕೆ? ತೋಟದ ಮಾತಿನಲ್ಲಿ ಹೇಳುತ್ತೇನೆ. ಕರಿಮೆಣಸಿನ ಬಳ್ಳಿ ಮರವನ್ನು ಅವಲಂಬಿಸಿ ನಿಲ್ಲುತ್ತದೆ. ಮರ ಕಡಿದರೆ ಬಳ್ಳಿಯೂ ಬೀಳುತ್ತದೆ. ಕಂಪ್ಯೂಟರಿನಲ್ಲಿಯೂ ಒಂದು ತಂತ್ರಾಂಶದ ಪೊಟ್ಟಣ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಭಾರತೀಯ ಭಾಷೆಗಳ ಕಟ್ಟಿಗೆ ಕನ್ನಡವೂ ಬೇಕು, ತೆಲುಗೂ ಬೇಕು, ಮಲಯಾಳವೂ ಬೇಕು. ಅದರಲ್ಲೊಂದನ್ನು ಕಿತ್ತರೆ ಕಟ್ಟೇ ಬಿಚ್ಚಿಹೋಗುತ್ತದೆ. ಆಗ ಆ ಕಟ್ಟಿಗಾಗಿ ಬಂದಿದ್ದ ತೆಲುಗು ಅನಾಥವಾಗುತ್ತದೆ.

ಕೇಳಿದ್ದನ್ನು ತೆಗೆಯುವುದು ಸುಲಭ. ಅದರ ಹಿಂದುಮುಂದಿನದನ್ನು ಏನು ಮಾಡುವುದೆಂಬುದೇ ಇಂಥ ವ್ಯವಸ್ಥೆ ರೂಪಿಸುವವರ ತಲೆನೋವು. ಒಂದು ದಾರಿ, ಬೇರೆಯದಕ್ಕೆ ಬೇಕಿದ್ದರೆ ತೆಗೆಯುವುದಿಲ್ಲವೆಂದು ಹಟ ಹಿಡಿಯುವುದು. ಡೆಬಿಯನ್ ಬಳಗದ 'ಡಿಪಿಕೆಜಿ' ಹಾಗೆ ಮಾಡುತ್ತದೆ. ಅದರ ಮೇಲೆ ಕೆಲಸ ಮಾಡುವ 'ಆಪ್ಟ್' ಹಿಡಿದ ದಾರಿ ಬೇರೆ: ನೆಚ್ಚಿಕೊಂಡವನ್ನೂ ಒಟ್ಟಿಗೆ ತೆಗೆಯುತ್ತೇನೆಂದು ಪಟ್ಟಿ ಕೊಟ್ಟು ಅಪ್ಪಣೆ ಕೇಳುವುದು.

ಅನಾಥವಾದವುಗಳ ವಿಷಯದಲ್ಲಿ ಆಪ್ಟ್ ಒಂದು ಲೆಕ್ಕ ಇಡುತ್ತದೆ. ಮನೆಯವರು ಕೇಳಿ ತರಿಸಿದ್ದು ಯಾವುದು, ಇನ್ನೊಂದರ ಬಾಲ ಹಿಡಿದು ತಾನಾಗಿ ಬಂದದ್ದು ಯಾವುದು ಎಂದು ಗುರುತು ಹಾಕುತ್ತದೆ. ಬಳ್ಳಿಗೆಂದೇ ನೆಟ್ಟ ಹಾಲುವಾಣದ ಮರವನ್ನು ಬಳ್ಳಿ ಒಣಗಿದ ಮೇಲೆ ಕಡಿಯಬಹುದು. ಅದಕ್ಕೆ ಇನ್ನೊಂದು ಬಳ್ಳಿ ಹಬ್ಬಿದ್ದರೆ ಕಡಿಯಬಾರದು. ಅಡಿಕೆಗಾಗಿ ನೆಟ್ಟ ಮರವನ್ನಂತೂ ಬಳ್ಳಿ ಹೋಯಿತೆಂದು ಮುಟ್ಟಲೇಬಾರದು. ಯಂತ್ರದ ಲೆಕ್ಕವೂ ಇಷ್ಟೇ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಜಗತ್ತು 2016ರ ಮಾರ್ಚಿನಲ್ಲಿ ಕಂಡಿತು. 'ಎನ್‌ಪಿಎಂ' ಎಂಬ ತಂತ್ರಾಂಶ ಭಂಡಾರದಿಂದ ಅಝರ್ ಕೊಚುಲು ಎಂಬವರು, ಒಂದು ಹೆಸರಿನ ಜಗಳದಲ್ಲಿ ಬೇಸತ್ತು, ತಮ್ಮ ಪೊಟ್ಟಣಗಳನ್ನೆಲ್ಲ ಹಿಂದಕ್ಕೆ ಪಡೆದರು. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬುದು ಬರೇ 11 ಸಾಲಿನದ್ದು. ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳ ಕೆಲಸ ದೇಶದೇಶಗಳಲ್ಲಿ ನಿಂತುಹೋಯಿತು. ಆ ಮೇಲೆ ಭಂಡಾರದವರು ನಿಯಮ ಬಿಗಿ ಮಾಡಿದರು. ಕೆಳಗಿನ ಸಣ್ಣ ಕಲ್ಲೇ ಗೋಡೆಯನ್ನು ಹೊತ್ತಿರುವುದುಂಟು.

ಆದರೆ ಆಪ್ಟಿನ ಲೆಕ್ಕದಲ್ಲಿ ಒಂದು ಕುಂದಿದೆ. ಪೊಟ್ಟಣಕ್ಕೆ ಪೊಟ್ಟಣ ಬೇಕೆಂಬುದು ಅದಕ್ಕೆ ಗೊತ್ತು. ಪೊಟ್ಟಣ ಮನುಷ್ಯನಿಗೆ ಬೇಕೆಂಬುದು ಗೊತ್ತಿಲ್ಲ. ತಂಗಿಯ ಅತ್ತೆ ದಿನಾ ಬೆಳಿಗ್ಗೆ ಕನ್ನಡದ ಸುದ್ದಿ ಓದುವುದು ಅದೇ ಪರದೆಯಲ್ಲಿ. ಯಂತ್ರದ ಪುಸ್ತಕದಲ್ಲಿ ಆ ಅಜ್ಜಿಗೆ ಕಾಲಂ ಇಲ್ಲ. 'ಇದು ಯಾರಿಗಾಗಿ ಬಂತು, ಹೋದರೆ ಇನ್ನಾರಿಗೆ ತೊಂದರೆ' ಎಂದು ಪ್ರತಿಯೊಂದರ ಎದುರು ಎರಡು ಸಾಲು ಬರೆದು ಕೇಳುವ ವ್ಯವಸ್ಥೆ ಇದ್ದರೆ ಎಷ್ಟೋ ಮನೆಗಳು ಬಚಾವಾದಾವು. ಬರೇ ಹೆಸರುಗಳ ಪಟ್ಟಿ ಕೊಟ್ಟರೆ ಮಕ್ಕಳು ಓದದೆ ಗುಂಡಿ ಒತ್ತುತ್ತಾರೆ.

ಹಾಗೆಂದು ಉಪಾಯ ಇಲ್ಲದಿಲ್ಲ. ಒಂದು ಪೊಟ್ಟಣ ನಮಗೇ ಬೇಕು ಎಂದು ಯಂತ್ರಕ್ಕೆ ನಾವು ಬಾಯಿಬಿಟ್ಟು ಹೇಳಬಹುದು. 'ಆಪ್ಟ್-ಮಾರ್ಕ್ ಮ್ಯಾನುಯಲ್' ಎಂಬ ಆಜ್ಞೆಯ ಮುಂದೆ ಅದರ ಹೆಸರು ಬರೆದರೆ ಸಾಕು. ಆ ಮೇಲೆ ಅದನ್ನು ಯಂತ್ರ ಅನಾಥವೆಂದು ಎಣಿಸದು. ಅಳಿಯ 'ಬೇಡ' ಎಂದು ಉತ್ತರ ಕೊಟ್ಟು, ಕನ್ನಡಕ್ಕೂ ತೆಲುಗಿಗೂ ಆ ಗುರುತು ಹಾಕಿದ. ಜಾಗಕ್ಕಾಗಿ ತನ್ನ ಹಳೆಯ ಸಿನೆಮಾಗಳನ್ನು ಅಳಿಸಿದ.

ಒಳಗಿನಿಂದ ಅಜ್ಜಿ, "ಏನಪ್ಪಾ ಅದು, ಮಾವ ಅಳಿಯ ಅಷ್ಟೊತ್ತಿಂದ?" ಎಂದರು.

"ಏನಿಲ್ಲ ಅಜ್ಜಿ. ನಿನ್ನ ಕನ್ನಡ ಬೇಕು ಅಂತ ಬರೆಸಿದೆ" ಎಂದ ಹುಡುಗ.