ಜೋಗದ ಹಿರಿಯ ವಿದ್ಯುದಾಗಾರ

ಶಿವನಸಮುದ್ರದ ವಿದ್ಯುತ್ತು ಬೆಳೆಯುತ್ತಿದ್ದ ಕೈಗಾರಿಕೆಗಳಿಗೆ ಸಾಲದಾದಾಗ ಮೈಸೂರು ಸಂಸ್ಥಾನದ ದೃಷ್ಟಿ ಪಶ್ಚಿಮಘಟ್ಟದ ಜೋಗದತ್ತ ಹೊರಳಿತು. 1948ರಲ್ಲಿ ಚಾಲನೆಗೊಂಡ ವಿದ್ಯುದಾಗಾರವು ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆಯಿತು. ಎಂಟು ಯಂತ್ರಗಳೂ ಪೂರ್ಣಗೊಂಡಾಗ ಅದರ ಸಾಮರ್ಥ್ಯ 120 ಮೆಗಾವ್ಯಾಟ್.

ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡಲೆಂದು ನಿರ್ಮಿಸಿದ್ದು ಹಿರೇಭಾಸ್ಕರ ಅಣೆಕಟ್ಟು. ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು ಹೆಚ್ಚುವರಿ ನೀರನ್ನು ತಾವಾಗಿಯೇ ಹೊರಚೆಲ್ಲುತ್ತಿದ್ದವು. ಇಂಥ ಅಣೆಕಟ್ಟಿಗೆ ದೊರೆತ ಆಯುಷ್ಯ ಎರಡು ದಶಕವೂ ಅಲ್ಲ! ವಿದ್ಯುತ್ ಬೇಡಿಕೆ ಏರಿದಂತೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿ, ಅದರ ಹಿನ್ನೀರಿನಲ್ಲಿ ಹಿರೇಭಾಸ್ಕರವೂ ಅನೇಕ ಹಳ್ಳಿಗಳ ಗದ್ದೆ, ಅಡಿಕೆ ತೋಟಗಳೂ ಮುಳುಗಿದವು. ಉದ್ದಿಮೆಗಳು ತೆತ್ತ ವಿದ್ಯುತ್ ದರದಲ್ಲಿ ಈ ಬೆಲೆ ಸೇರಿರಲಿಲ್ಲ.

ಹೊಸ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ನವೀಕರಣಗೊಂಡ ಹಿರಿಯದು 139.2 ಮೆಗಾವ್ಯಾಟ್ ಸಾಮರ್ಥ್ಯದೊಡನೆ ಉಳಿದಿದೆ. ಹಿನ್ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಿರೇಭಾಸ್ಕರದ ಗೋಡೆ ಮತ್ತೆ ಕಾಣುತ್ತದೆ.