ರಜೆಗೆ ಬಂದ ಸಿಪಾಯಿ

ವಡೋದರದ ಇ.ಎಂ.ಇ. ಸೈನಿಕ ಆವರಣದ ದಕ್ಷಿಣಾಮೂರ್ತಿ ದೇವಾಲಯವನ್ನು ನಮ್ಮವರಲ್ಲಿ ಅನೇಕರು ನೋಡಿದ್ದಾರೆ. 1966ರಲ್ಲಿ ಸೈನ್ಯದವರೇ ಕಟ್ಟಿಸಿದ, ಅಲ್ಯೂಮಿನಿಯಂ ತಗಡು ಹೊದಿಸಿದ ಆ ಗುಡಿಯ ಮುಂದೆ ತರುಣ ಸಿಪಾಯಿಯೊಬ್ಬನ ಬಾಯಲ್ಲಿ ಕನ್ನಡ ಕೇಳಿದರೆ ಮನಸ್ಸು ಅರಳುತ್ತದೆ. "ಯಾವ ಊರಪ್ಪಾ?" ಎಂದು ವಿಚಾರಿಸಿ ಊಟಕ್ಕೆ ಕರೆಯುತ್ತೇವೆ. ಕೊಡಗು, ಬೆಳಗಾವಿ ಕಡೆಯ ಎಷ್ಟೋ ಮನೆಗಳಿಗೆ ಸೈನ್ಯದ ಕೆಲಸವೆಂದರೆ ಹೆಮ್ಮೆ. ಆ ಹೆಮ್ಮೆಯಿಂದಲೇ ನಾವು ಆಡದೆ ನುಂಗುವ ಮಾತೊಂದಿದೆ. ಅದು ಕುಡಿತ.

ಇಪ್ಪತ್ತರ ಹುಡುಗ, ಮನೆ ದೂರ, ಮೈ ದಣಿದಿದೆ, ಜೊತೆಗಾರರು ಕರೆಯುತ್ತಾರೆ. ಹಿಮದ ಗಡಿಗಳಲ್ಲಿ ರಮ್ ಹಂಚುವ ಪದ್ಧತಿ ಹಳೆಯದು. ಕುಡಿದರೆ ಮೈ ಬೆಚ್ಚಗಾಗುವುದೆಂಬ ನಂಬಿಕೆ ಮಾತ್ರ ಸುಳ್ಳು. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖವೇ ಹೊರಗೆ ಹೋಗುತ್ತದೆ.

ಸೈನ್ಯ ಇದನ್ನೆಲ್ಲ ಸಹಿಸುತ್ತದೆಂದು ತಿಳಿಯಬಾರದು. 1950ರ ಸೇನಾ ಕಾಯಿದೆಯ 48ನೆಯ ಕಲಮಿನಂತೆ ಅಮಲೇರಿ ಸಿಕ್ಕಿಬಿದ್ದ ಸಿಪಾಯಿಗೆ, ಕೆಲಸದ ಮೇಲಿದ್ದರೆ 2 ವರ್ಷದವರೆಗೆ, ಇಲ್ಲದಿದ್ದರೆ 6 ತಿಂಗಳವರೆಗೆ ಸೆರೆಯಾಗಬಹುದು.

ಗುಜರಾತಿನಲ್ಲಂತೂ 1949ರ ಮುಂಬಯಿ ಪಾನನಿರೋಧ ಕಾಯಿದೆ, 1960ರಲ್ಲಿ ಬೇರೆ ರಾಜ್ಯವಾದ ಮೇಲೂ ಉಳಿದುಬಂದಿದೆ. ಸೇನೆಯ ಮೆಸ್ಸಿಗಿರುವ ಸವಲತ್ತು ಅಹಮದಾಬಾದಿನ ಅಥವಾ ಸೂರತ್ತಿನ ನಮ್ಮ ನಡುಮನೆಗೆ ಇಲ್ಲ. ಅವನು ಟ್ರಂಕಿನಲ್ಲಿ ತಂದ ಬಾಟಲಿಗೆ ಮನೆಯವರೂ ಉತ್ತರ ಹೇಳಬೇಕಾದೀತು. ಅದು ಸಿಕ್ಕದಾಗ ಕಳ್ಳಭಟ್ಟಿ ಹುಡುಕಿದರೆ ಗತಿಯೇನು? 2009ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿ ಬೆರೆಯುವ ಮೀಥೈಲ್ ಆಲ್ಕೋಹಾಲ್ ಕಣ್ಣನ್ನೂ ಪ್ರಾಣವನ್ನೂ ಕಳೆಯುತ್ತದೆ.

ರಜೆಗೆ ಬಂದವನು ಕುಡಿದು ನೆರೆಯವರೊಡನೆ ಜಗಳವಾಡಿದರೆ, ಹೆಂಡತಿಯ ಮೇಲೆ ಕೈಯೆತ್ತಿದರೆ, ನಾವೇನು ಮಾಡುತ್ತೇವೆ? "ಮಿಲಿಟರಿಯವನು, ಇರುವುದು ಹದಿನೈದು ದಿನ, ಸಹಿಸಿಕೊಳ್ಳಮ್ಮಾ" ಎಂದು ಸೊಸೆಗೆ ಹೇಳಿ ಬಾಗಿಲು ಮುಚ್ಚುತ್ತೇವೆ. ಇದೇ ನಾವು ಮಾಡುವ ತಪ್ಪು. ಆ ಹುಡುಗಿಗೆ ಮೊದಲು ರಕ್ಷಣೆ ಬೇಕು.

ಬೆಳಗ್ಗೆ ಕೈ ನಡುಗುವುದು, ಕುಡಿಯದಿದ್ದರೆ ನಿದ್ದೆ ಬಾರದಿರುವುದು, ನಿನ್ನೆಯ ರಾತ್ರಿ ನೆನಪಿಲ್ಲದಿರುವುದು, ಇವು ಚಟ ಬೇರೂರಿದ ಗುರುತುಗಳು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೋಗಬೇಡಿ. ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್, 14416ಕ್ಕೆ ಕರೆ ಮಾಡಿದವರಿಗೆ ಸಲಹೆ ಕೊಡುತ್ತದೆ. ಅದಕ್ಕೆ ಕಾಸಿಲ್ಲ.

ಊಟಕ್ಕೆ ಕರೆದ ಹುಡುಗನಿಗೆ ಎರಡನೆಯ ಸಲ ಸಾರು ಬಡಿಸುವಾಗ, "ಚೆನ್ನಾಗಿ ನಿದ್ದೆ ಬರುತ್ತದೇನಪ್ಪಾ?" ಎಂದು ಕೇಳೋಣ. ಮನೆಯ ಹಿರಿಯರು ಕೇಳದಿದ್ದರೆ ಅವನು ಯಾರಿಗೆ ಹೇಳಿಯಾನು?